ಸ್ಟರ್ಕ್‌ಫಾಂಟೇನ್ ಗುಹೆಗೆ ಮಂಡಿನೋವಿರುವ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜೋಹಾನ್ಸ್‌ಬರ್ಗಿಗೆ ಬಂದು ಒಂದೂವರೆ ವರ್ಷ ಆಯ್ತು, ಮಿಡ್ರಾಂಡ್‌ನಲ್ಲಿ ಇದ್ದೇನೆ. ಮುಂದಿನ ತಿಂಗಳು ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ, ಮೂರು ವಾರ ಇರುತ್ತಾರೆ. ನಾನು ಕ್ರೂಗರ್, ಕೇಪ್‌ಟೌನ್ ಅಂತೆಲ್ಲ ಪ್ಲ್ಯಾನ್ ಹಾಕಿ ಕೂತಿದ್ದೆ. ಅಪ್ಪ ಫೋನಲ್ಲಿ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದರು: "ಅದಿರಲಿ, ಮಿಸೆಸ್ ಪ್ಲೆಸ್ ಸಿಕ್ಕ ಗುಹೆ ನಿಮ್ಮ ಮನೆಯಿಂದ ಎಷ್ಟು ದೂರ ಆಗುತ್ತೋ?"

ನಾನು ಯಾರೋ ಪರಿಚಯದ ಹೆಂಗಸು ಇಲ್ಲಿದ್ದಾರೇನೋ ಅಂದುಕೊಂಡೆ. ಆಮೇಲೆ ಹುಡುಕಿ ನೋಡಿದರೆ ಲಕ್ಷಾಂತರ ವರ್ಷ ಹಳೆಯ ತಲೆಬುರುಡೆ!

ಅಪ್ಪ ಹೈಸ್ಕೂಲಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿದವರು. ವಿಕಾಸದ ಪಾಠ ಬಂತು ಅಂದರೆ ಬಣ್ಣದ ಸೀಮೆಸುಣ್ಣ ತಗೊಂಡು ಬೋರ್ಡ್ ತುಂಬ ಬುರುಡೆಗಳನ್ನು ಸಾಲಾಗಿ ಬರೆಯುತ್ತಿದ್ದರಂತೆ, ಮುಂದಿನ ಪೀರಿಯಡ್‌ನ ಮೇಷ್ಟ್ರು ಬಂದು ಅಳಿಸೋಕೆ ಮನಸ್ಸು ಬರದೆ ಹಾಗೇ ಪಕ್ಕದಲ್ಲಿ ಲೆಕ್ಕ ಮಾಡಿಸುತ್ತಿದ್ದರಂತೆ. ಈಗ ವಯಸ್ಸು 67. ಬಲಗಾಲಿನ ಮಂಡಿ ಸವೆದಿದೆ. ಮೆಟ್ಟಿಲು ಹತ್ತಬೇಕಾದರೆ ಕಂಬಿ ಬೇಕೇ ಬೇಕು.

ಹೋದವರು ಯಾರಾದರೂ ಇದ್ದರೆ ಹೇಳಿ. ಒಳಗೆ ಮೆಟ್ಟಿಲು ಎಷ್ಟಿದೆ, ಬಗ್ಗಿ ಹೋಗಬೇಕಾ? ಮೂಳೆಗಳು ಅಲ್ಲೇ ನೋಡಲು ಸಿಗುತ್ತವಾ? ಪ್ರವಾಹ ಆಗಿ ಮುಚ್ಚಿದ್ದಾರೆ ಅಂತ ಆಫೀಸಲ್ಲೊಬ್ಬರು ಅಂದರು, ಅದು ನಿಜವಾ? ರೈಸಿಂಗ್ ಸ್ಟಾರ್ ಅಂತ ಇನ್ನೊಂದು ಗುಹೆಯ ಹೆಸರೂ ಕೇಳಿದೆ, ಅದಕ್ಕೂ ಹೋಗಬಹುದಾ? ಅಮ್ಮನಿಗೆ ಇದ್ಯಾವುದರಲ್ಲೂ ಆಸಕ್ತಿ ಇಲ್ಲ. "ಸತ್ತವರ ಎಲುಬು ನೋಡೋಕೆ ಅಷ್ಟು ದೂರ ಬರಬೇಕಾ" ಅಂತಿದ್ದಾರೆ. ಅವರಿಗೇನಾದರೂ ಇದೆಯಾ ಅಲ್ಲಿ?

---

ಜೋಬರ್ಗ್_ಜೋಳದರೊಟ್ಟಿ

ನಾನು ರಾಂಡ್‌ಬರ್ಗ್‌ನಲ್ಲಿ ಆರು ವರ್ಷ ಇದ್ದೆ. ಈ ಗುಹೆಗೆ ಮೂರು ಸಲ ಹೋಗಿದ್ದೇನೆ, ಮೂರೂ ಸಲ ಊರಿಂದ ಬಂದ ನೆಂಟರ ಜೊತೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಮಂಡಿ ವಿಷಯ. ನನ್ನ ಕೇಳಿದರೆ ನಿಮ್ಮ ತಂದೆ ಕೆಳಗೆ ಇಳಿಯೋದು ಬೇಡ. ಶುರುವಿನಲ್ಲಿ ಏನೂ ಅನ್ನಿಸಲ್ಲ. ಹೆಲ್ಮೆಟ್ ಕೊಡುತ್ತಾರೆ, ಗೈಡ್ ಮುಂದೆ ನಡೆಯುತ್ತಾರೆ, ಮೆಟ್ಟಿಲು ಇಳಿದು ಹೋದರೆ ದೊಡ್ಡ ದೊಡ್ಡ ಹಜಾರಗಳು, ತಲೆ ಎತ್ತಿ ನೋಡಿದರೆ ಕತ್ತಲೆ ಅಷ್ಟೇ, ಮೇಲಿನ ಕಲ್ಲು ಕಾಣಲ್ಲ. ಒಳಗೆ ಒಂದು ಕೆರೆ ಕೂಡ ಇದೆ, ನೀರು ಅಲ್ಲಾಡೋದೇ ಇಲ್ಲ. ಆಮೇಲೆ ದಾರಿ ಕಿರಿದಾಗುತ್ತಾ ಹೋಗುತ್ತದೆ. ಒಂದು ಕಡೆ ಪೂರ್ತಿ ಕುಕ್ಕರಗಾಲಲ್ಲಿ ಕೂತು, ಕೈ ಊರಿಕೊಂಡು, ಬಾತುಕೋಳಿ ಥರ ಮುಂದೆ ಸರಿಯಬೇಕು. ಅಲ್ಲೇ ನಮ್ಮ ಮಾವನವರ ಪ್ಯಾಂಟ್ ಹರಿದಿದ್ದು. ಹಿಂದೆ ಹದಿನೈದು ಜನ ಕಾಯುತ್ತಿರುತ್ತಾರೆ, ವಾಪಸ್ ತಿರುಗೋಕೂ ಆಗಲ್ಲ. ಅದು ಮುಗಿದ ಮೇಲೆ ಮತ್ತೆ ಅಷ್ಟೂ ಎತ್ತರ ಮೆಟ್ಟಿಲು ಹತ್ತಿ ಮೇಲೆ ಬರಬೇಕು.

ಮುಚ್ಚಿದ್ದು ನಿಜ. 2022ರ ಕೊನೆಯಲ್ಲಿ ನೀರು ತುಂಬಿ ಬಂದ್ ಮಾಡಿದರು, 2025ರ ಏಪ್ರಿಲ್‌ನಲ್ಲಿ ಮತ್ತೆ ತೆರೆದಿದ್ದಾರೆ. ಈಗ ವಿಟ್ಸ್ ವಿಶ್ವವಿದ್ಯಾಲಯದವರೇ ನೋಡಿಕೊಳ್ಳುತ್ತಾರೆ. ನಾನು ಹೋಗಿದ್ದೆಲ್ಲ ಅದಕ್ಕೂ ಮುಂಚೆ, ಒಳಗಿನ ದಾರಿ ಬದಲಾಗಿರಬಹುದು. ಟಿಕೆಟ್ ಬುಕ್ ಮಾಡುವಾಗಲೇ ಫೋನ್ ಮಾಡಿ ಮಂಡಿ ವಿಷಯ ಹೇಳಿಬಿಡಿ.

ಮೂಳೆಗಳು ಗುಹೆಯಲ್ಲಿ ಹರಡಿಕೊಂಡು ಬಿದ್ದಿಲ್ಲ, ಆ ಆಸೆ ಇಟ್ಕೋಬೇಡಿ. ಮಿಸೆಸ್ ಪ್ಲೆಸ್ ಪ್ರಿಟೋರಿಯಾದ ಡಿಟ್ಸಾಂಗ್ ಮ್ಯೂಸಿಯಂನವರ ಹತ್ತಿರ ಭದ್ರವಾಗಿದೆ. ಇನ್ನೊಂದು ದೊಡ್ಡ ಅಸ್ಥಿಪಂಜರ, ಲಿಟ್ಲ್ ಫುಟ್, ವಿಟ್ಸ್‌ನಲ್ಲಿದೆ. ಜನ ಸಾಮಾನ್ಯವಾಗಿ ನೋಡೋದು ಅಚ್ಚು ತೆಗೆದ ನಕಲು. ಆದರೆ ಅಗೆದ ಜಾಗ ಮೇಲೆ ಬಯಲಲ್ಲೇ ಇದೆ, ಕಟ್ಟೆ ಮೇಲೆ ನಿಂತು ನೋಡಬಹುದು. ನಿಮ್ಮ ತಂದೆಗೆ ಅದೇ ಸರಿ.

ಜೊತೆಗೆ ಹತ್ತು ಕಿಲೋಮೀಟರ್ ಆಚೆ ಮರೋಪೆಂಗ್ ಇದೆ. ಸೆಟ್ಸ್ವಾನಾ ಭಾಷೆಯ ಹೆಸರು, ಹುಟ್ಟಿದ ಜಾಗಕ್ಕೆ ವಾಪಸ್ ಬರುವುದು ಅನ್ನೋ ಅರ್ಥ. ಹೊರಗಿಂದ ಹುಲ್ಲು ಬೆಳೆದ ದೊಡ್ಡ ಮಣ್ಣಿನ ದಿಬ್ಬದ ಥರ ಕಾಣುತ್ತದೆ, ಒಳಗೆ ಹೋದರೆ ಮ್ಯೂಸಿಯಂ. ಒಂದು ದೋಣಿ ಸವಾರಿ ಇದೆ, ನೀರು, ಮಂಜು, ಬೆಂಕಿ ಅಂತ ಬಣ್ಣ ಬಣ್ಣದ ಲೈಟು. ಮಕ್ಕಳಿಗೆ ಖುಷಿ. ನನಗೆ ಅಷ್ಟಕ್ಕಷ್ಟೆ.

ಮಿಡ್ರಾಂಡ್‌ನಿಂದ ಸುಮಾರು ಒಂದು ಗಂಟೆ. ಸ್ವಂತ ಕಾರಲ್ಲೇ ಹೋಗಿ. ಟ್ಯಾಕ್ಸಿಯಲ್ಲಿ ಹೋಗುವುದು ಸುಲಭ, ವಾಪಸ್ ಬರೋಕೆ ಅಲ್ಲಿ ಟ್ಯಾಕ್ಸಿ ಸಿಗೋದು ಕಷ್ಟ. ಬುತ್ತಿ ಕಟ್ಟಿಕೊಂಡು ಹೋಗಿ, ಹೊರಗೆ ಮರದ ಕೆಳಗೆ ಕೂತು ಚಿತ್ರಾನ್ನ ತಿನ್ನೋಕೆ ಒಳ್ಳೇ ಜಾಗ.

---

ಸುಮ್ನೆ_ಕೂತವ

ನಾನೂ ಹೋಗಿ ಬಂದಿದ್ದೇನೆ. ನೇರವಾಗಿ ಹೇಳ್ತೀನಿ, ಕತ್ತಲೆ, ಕಲ್ಲು, ಬೆನ್ನುನೋವು. ಗುಹೆ ಅಂತ ನೋಡಿದರೆ ನಮ್ಮ ಪಕ್ಕದ ಆಂಧ್ರದ ಬೇಲಂ ಗುಹೆ ಇದಕ್ಕಿಂತ ಚೆನ್ನಾಗಿದೆ. ಮೂಳೆ ಇಲ್ಲ, ಏನೂ ಇಲ್ಲ. ದುಡ್ಡು ಕೊಟ್ಟು ಖಾಲಿ ಡಬ್ಬ ನೋಡಿಕೊಂಡು ಬಂದ ಹಾಗಾಯ್ತು. ಆ ದುಡ್ಡಲ್ಲಿ ಇನ್ನೊಂದು ಸಲ ಸಿಂಹ ತೋರಿಸಿ.

---

ಕಲ್ಲುಕುಟಿಗ

ಸುಮ್ನೆ_ಕೂತವರು ಹೇಳಿದ್ದು ಸುಳ್ಳಲ್ಲ. ಡಬ್ಬ ಖಾಲಿಯೇ. ಆ ಡಬ್ಬದಿಂದ ಏನನ್ನು ಹೇಗೆ ತೆಗೆದರು ಅಂತ ಗೊತ್ತಿಲ್ಲದೆ ಹೋದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ನಾನು ಧಾರವಾಡದಲ್ಲಿ ಭೂವಿಜ್ಞಾನ ಓದಿದವನು, ಗಣಿ ಕೆಲಸಕ್ಕೆ ಅಂತ ಆ ದೇಶಕ್ಕೆ ಹೋಗಿದ್ದೆ, ನನ್ನ ಪಾಲಿಗೆ ಆ ಗುಹೆ ತೀರ್ಥಯಾತ್ರೆ ಇದ್ದ ಹಾಗೆ. ಮೇಷ್ಟ್ರಿಗೆ ಇದೆಲ್ಲ ಗೊತ್ತಿರುತ್ತದೆ. ಮಗನಿಗೋಸ್ಕರ ಬರೆಯುತ್ತೇನೆ.

ಈ ಗುಹೆಯನ್ನು ಮೊದಲು ಒಡೆದವರಿಗೆ ಮೂಳೆ ಬೇಕಿರಲಿಲ್ಲ, ಸುಣ್ಣ ಬೇಕಿತ್ತು. 1890ರ ದಶಕ. ಜೋಹಾನ್ಸ್‌ಬರ್ಗ್‌ನಲ್ಲಿ ಚಿನ್ನ ಸಿಕ್ಕು ಹತ್ತು ವರ್ಷ ಆಗಿದೆ, ಚಿನ್ನ ಬೇರ್ಪಡಿಸೋಕೆ ಸುಣ್ಣ ಬೇಕು, ಕಟ್ಟಡಕ್ಕೂ ಬೇಕು. ಗುಹೆಯೊಳಗೆ ಸಾವಿರಾರು ವರ್ಷ ಹನಿ ಹನಿಯಾಗಿ ಇಳಿಬಿದ್ದ ಬಿಳಿ ಕಲ್ಲು ಅಂದರೆ ಒಳ್ಳೇ ಸುಣ್ಣ. ಡೈನಮೈಟ್ ಇಟ್ಟು ಎಲ್ಲ ಬೀಳಿಸಿ ಸುಣ್ಣದ ಭಟ್ಟಿಗೆ ಹಾಕಿದರು. ಹಾಗಾಗಿ ಬೇಲಂ ಜೊತೆ ಹೋಲಿಸೋದು ಸರಿಯಲ್ಲ, ಇಲ್ಲಿನ ಅಂದ ಚಂದ ಎಲ್ಲ ನೂರು ವರ್ಷದ ಹಿಂದೆಯೇ ಗೋಡೆಗೆ ಬಳಿದಾಗಿದೆ.

ಬಿಳಿ ಕಲ್ಲಿನ ನಡುವೆ ಕೆಂಪಗಿರೋ ಗಟ್ಟಿ ಗಾರೆಯಂಥ ಕಲ್ಲು ಸಿಗುತ್ತಿತ್ತು. ಅದನ್ನು ಬ್ರೆಚಿಯಾ ಅಂತಾರೆ. ಕಡಲೆಬೀಜದ ಚಿಕ್ಕಿ ನೆನಪು ಮಾಡ್ಕೊಳ್ಳಿ: ಬೆಲ್ಲದ ಜಾಗದಲ್ಲಿ ಸುಣ್ಣದ ನೀರಿಂದ ಗಟ್ಟಿಯಾದ ಮಣ್ಣು, ಕಡಲೆಬೀಜದ ಜಾಗದಲ್ಲಿ ಮೇಲಿನ ಬಿಲದಿಂದ ಬಿದ್ದ ಕಲ್ಲು, ಕೋತಿ, ಜಿಂಕೆ, ಚಿರತೆಯ ಮೂಳೆ. ಸುಣ್ಣದವರಿಗೆ ಅದು ಕಸ. ಪಕ್ಕಕ್ಕೆ ಎಸೆಯುತ್ತಿದ್ದರು. ಗಣಿ ನೋಡಿಕೊಳ್ಳುತ್ತಿದ್ದ ಬಾರ್ಲೋ ಅನ್ನುವಾತ ಚೆನ್ನಾಗಿರೋ ಮೂಳೆಗಳನ್ನು ಭಾನುವಾರ ಗುಹೆ ನೋಡೋಕೆ ಬಂದವರಿಗೆ ಮಾರುತ್ತಿದ್ದ!

1936ರಲ್ಲಿ ರಾಬರ್ಟ್ ಬ್ರೂಮ್ ಅಲ್ಲಿಗೆ ಬಂದರು. ಸ್ಕಾಟ್ಲೆಂಡಿನ ಡಾಕ್ಟರು, ಪಳೆಯುಳಿಕೆ ಹುಚ್ಚು, ಬಂಡೆ ಒಡೆಯೋಕೆ ಹೋಗುವಾಗಲೂ ಕರೀ ಸೂಟು, ಟೈ. ಕೋತಿಯಂಥ, ಮನುಷ್ಯನಂಥ ಯಾವುದಾದರೂ ಬುರುಡೆ ಕಂಡರೆ ಎತ್ತಿಡು ಅಂತ ಬಾರ್ಲೋಗೆ ಹೇಳಿದ್ದರು. ಆಗಸ್ಟ್ 17ಕ್ಕೆ ಹೋದಾಗ ಬಾರ್ಲೋ ಒಂದು ಕಲ್ಲು ಕೈಗಿಟ್ಟು ನೀವು ಹುಡುಕ್ತಿರೋದು ಇದೇನಾ ಅಂತ ಕೇಳಿದ. ಅದು ಮಿದುಳಿನ ಆಕಾರಕ್ಕೆ ಗಟ್ಟಿಯಾದ ಅಚ್ಚು. ಆಫ್ರಿಕಾದಲ್ಲಿ ಸಿಕ್ಕ ಮೊದಲ ವಯಸ್ಕ ಆಸ್ಟ್ರಲೋಪಿತೆಕಸ್, ಅಂದರೆ ಎರಡು ಕಾಲಲ್ಲಿ ನಡೆಯುತ್ತಿದ್ದ ನಮ್ಮ ಹಳೇ ಬಂಧು. ಅದಕ್ಕೂ ಮೊದಲು 1924ರಲ್ಲಿ ಟೌಂಗ್‌ನಲ್ಲಿ ಸಿಕ್ಕಿದ್ದು ಒಂದು ಮಗುವಿನ ಬುರುಡೆ, ಅದನ್ನು ರೇಮಂಡ್ ಡಾರ್ಟ್ ಬೆಳಕಿಗೆ ತಂದಿದ್ದರು. ದೊಡ್ಡ ವಿದ್ವಾಂಸರೆಲ್ಲ ಅದು ಬರೀ ವಾನರದ ಮರಿ ಅಂತ ಪಕ್ಕಕ್ಕೆ ಸರಿಸಿದ್ದರು. ಈಗ ದೊಡ್ಡದು ಸಿಕ್ಕ ಮೇಲೆ ಬಾಯಿ ಮುಚ್ಚಿಸೋದು ಸುಲಭ ಆಯ್ತು.

1947ರ ಏಪ್ರಿಲ್ 18. ಬ್ರೂಮ್‌ಗೆ ಆಗ 80 ವರ್ಷ. ಜಾನ್ ರಾಬಿನ್ಸನ್ ಜೊತೆಗಿದ್ದರು. ಡೈನಮೈಟ್ ಸಿಡಿಸಿದರು, ಹೊಗೆ ಆರಿದ ಮೇಲೆ ನೋಡಿದರೆ ಒಂದು ಬುರುಡೆ ಸರಿಯಾಗಿ ಎರಡು ಹೋಳು. ಮೇಲಿನ ಅರ್ಧ ಒಂದು ಕಲ್ಲಲ್ಲಿ, ಕೆಳಗಿನ ಅರ್ಧ ಇನ್ನೊಂದರಲ್ಲಿ. ಬ್ರೂಮ್ ಆ ಜಾತಿಗೆ ಪ್ಲೆಸಿಯಾಂತ್ರೋಪಸ್ ಅಂತ ಹೆಸರಿಟ್ಟಿದ್ದರು, ಅದೇ ತುಂಡಾಗಿ ಮಿಸೆಸ್ ಪ್ಲೆಸ್ ಆಯ್ತು. ನಿಜಕ್ಕೂ ಮಿಸೆಸ್ಸಾ, ಮಿಸ್ಟರಾ ಅಂತ ಇವತ್ತಿಗೂ ಜಗಳ ಮುಗಿದಿಲ್ಲ.

ಇಷ್ಟು ಎಲ್ಲ ಕಡೆ ಸಿಗುತ್ತದೆ. ನನಗೆ ಮೈ ಜುಮ್ ಅನ್ನಿಸೋದು ಇನ್ನೊಂದು ಕಥೆ.

1994ರಲ್ಲಿ ರಾನ್ ಕ್ಲಾರ್ಕ್ ಅನ್ನುವ ವಿಜ್ಞಾನಿ, ಸುಣ್ಣದವರು ಎಸೆದ ರಾಶಿಯಿಂದ ತೆಗೆದ ಹಳೇ ಪೆಟ್ಟಿಗೆಗಳನ್ನು ಸುಮ್ನೆ ಕೆದಕುತ್ತಿದ್ದರು. ಪ್ರಾಣಿ ಮೂಳೆ ಅಂತ ಬರೆದಿಟ್ಟ ಪೆಟ್ಟಿಗೆಯಲ್ಲಿ ನಾಲ್ಕು ಪುಟ್ಟ ಪಾದದ ಮೂಳೆ ಕಂಡವು. ಪಾದ ಚಿಕ್ಕದಿದ್ದದ್ದಕ್ಕೆ ಲಿಟ್ಲ್ ಫುಟ್ ಅಂತ ಹೆಸರು ಬಿತ್ತು. 1997ರಲ್ಲಿ ಇನ್ನಷ್ಟು ಚೂರು ಸಿಕ್ಕವು, ಅದರಲ್ಲೊಂದು ಮೊಣಕಾಲ ಕೆಳಗಿನ ಮೂಳೆಯ ತುದಿ. ಆ ಕಡೆ ಹೊಸದಾಗಿ ಮುರಿದ ಗುರುತು. ಅಂದರೆ ಡೈನಮೈಟ್ ಇಟ್ಟಾಗ ಮುರಿದಿದ್ದು. ಹಾಗಾದರೆ ಉಳಿದರ್ಧ ಗುಹೆಯ ಗೋಡೆಯಲ್ಲೇ ಇರಬೇಕು, ಅಲ್ವಾ?

ಕ್ಲಾರ್ಕ್ ಆ ಚೂರಿನ ಅಚ್ಚು ಮಾಡಿ ತಮ್ಮ ಇಬ್ಬರು ಸಹಾಯಕರ ಕೈಗೆ ಕೊಟ್ಟರು. ಎನ್ಕ್ವಾನೆ ಮೊಲೆಫೆ ಮತ್ತು ಸ್ಟೀಫನ್ ಮೊಟ್ಸುಮಿ. ಸಿಲ್ಬರ್‌ಬರ್ಗ್ ಗ್ರೊಟ್ಟೊ ಅಂತ ಒಂದು ದೊಡ್ಡ ಕತ್ತಲೆ ಕೋಣೆ. ಗೋಡೆ, ನೆಲ, ಮೇಲೆ, ಎಲ್ಲಾ ಕಡೆ ಆ ಚಿಕ್ಕಿ ಕಲ್ಲು, ಅದರಲ್ಲಿ ಎಲ್ಲೆಲ್ಲೂ ಮೂಳೆ ತುಂಡುಗಳು. ಕೈಯಲ್ಲಿ ಒಂದು ಲ್ಯಾಂಪ್. ಹೆಬ್ಬೆರಳಿನಷ್ಟು ದಪ್ಪದ ಒಂದು ಮುರಿದ ತುದಿಗೆ ಜೋಡಿ ಹುಡುಕಬೇಕು. ಎರಡೇ ದಿನದಲ್ಲಿ ಹುಡುಕಿದರು. ಅಚ್ಚು ಹಿಡಿದರೆ ಸರಿಯಾಗಿ ಕೂತಿತು.

ಆ ಗೋಡೆಯ ಹಿಂದೆ ಪೂರ್ತಿ ದೇಹ ಮಲಗಿತ್ತು. ಕಲ್ಲಿನಿಂದ ಬಿಡಿಸಿ, ಶುಚಿ ಮಾಡಿ, ಜೋಡಿಸಿ ಜನರಿಗೆ ತೋರಿಸೋ ಹೊತ್ತಿಗೆ 2017ರ ಡಿಸೆಂಬರ್. ಇಪ್ಪತ್ತು ವರ್ಷ. ಶೇಕಡಾ 90ಕ್ಕೂ ಜಾಸ್ತಿ ಮೂಳೆಗಳಿರೋ ಅಸ್ಥಿಪಂಜರ, ಅಷ್ಟು ಹಳೆಯದರಲ್ಲಿ ಅಷ್ಟು ಪೂರ್ತಿಯಾಗಿ ಇನ್ನೊಂದು ಸಿಕ್ಕಿಲ್ಲ. ವಯಸ್ಸಾದ ಹೆಣ್ಣು, ಎತ್ತರ ನಾಲ್ಕೂಕಾಲು ಅಡಿ ಇರಬಹುದು. ಮೇಲಿನ ಬಿಲದಿಂದ ಕಾಲು ಜಾರಿ ಬಿದ್ದಿರಬೇಕು ಅಂತಾರೆ.

ಒಳಗೆ ಹೋದಾಗ ಲ್ಯಾಂಪ್ ಹಿಡಿದ ಆ ಇಬ್ಬರನ್ನು ನೆನೆಸಿಕೊಳ್ಳಿ. ಆಗ ಡಬ್ಬ ಖಾಲಿ ಅನ್ನಿಸಲ್ಲ.

---

ಗಣಿತ_ತಲೆನೋವು

ಕಲ್ಲುಕುಟಿಗ ಅವರೇ, ಒಂದು ಕಡೆ ಮಿಸೆಸ್ ಪ್ಲೆಸ್ 20 ಲಕ್ಷ ವರ್ಷ ಅಂತ ಓದಿದೆ, ಇನ್ನೊಂದು ಕಡೆ 34 ಲಕ್ಷ ಅಂತಿದೆ. ಹದಿನಾಲ್ಕು ಲಕ್ಷ ವರ್ಷ ಆಚೀಚೆ ಅಂದ್ರೆ ಏನ್ ಸ್ವಾಮಿ ಇದು? ಯಾವುದನ್ನ ನಂಬೋದು?

---

ಕಲ್ಲುಕುಟಿಗ

ಒಳ್ಳೇ ಪ್ರಶ್ನೆ. ಪೂರ್ವ ಆಫ್ರಿಕಾದಲ್ಲಿ ಜ್ವಾಲಾಮುಖಿ ಬೂದಿ ಪದರ ಪದರವಾಗಿ ಇರುತ್ತದೆ, ಅದರ ವಯಸ್ಸು ಹೇಳೋದು ಸುಲಭ. ಇಲ್ಲಿ ಬೂದಿ ಇಲ್ಲ. ಗುಹೆಯಲ್ಲಿ ಹಳೇದರ ಮೇಲೆ ಹೊಸದು, ಹೊಸದರ ಕೆಳಗೆ ಇನ್ನೂ ಹೊಸದು, ನೀರು ಎಲ್ಲಿ ನುಗ್ಗಿತೋ ಅಲ್ಲಿ ಕಲಸುಮೇಲೋಗರ.

ಹಳೇ ಲೆಕ್ಕ ಸುಣ್ಣದ ಪದರಗಳನ್ನು ನೋಡಿ ಹಾಕಿದ್ದು, 20ರಿಂದ 26 ಲಕ್ಷ ವರ್ಷದ ಸುತ್ತ ಬರುತ್ತಿತ್ತು. ಹೊಸ ಲೆಕ್ಕ ಬೇರೆ. ಬಯಲಲ್ಲಿ ಬಿದ್ದಿರೋ ಬೆಣಚುಕಲ್ಲಿಗೆ ಆಕಾಶದಿಂದ ಬರೋ ಕಿರಣ ಬಡಿದು ಅದರೊಳಗೆ ಎರಡು ವಿಶೇಷ ವಸ್ತು ಹುಟ್ಟುತ್ತವೆ, ಅಲ್ಯೂಮಿನಿಯಂ-26, ಬೆರಿಲಿಯಂ-10. ಕಲ್ಲು ಗುಹೆಗೆ ಬಿದ್ದ ಕೂಡಲೇ ಕಿರಣ ತಪ್ಪಿತು, ಹೊಸದು ಹುಟ್ಟಲ್ಲ, ಇರೋದು ಸವೆಯುತ್ತದೆ. ಒಂದು ತೆಳು ಊದುಬತ್ತಿ, ಒಂದು ದಪ್ಪ ಊದುಬತ್ತಿ ಒಟ್ಟಿಗೆ ಹಚ್ಚಿಟ್ಟು ಹೋದ ಹಾಗೆ. ಅಲ್ಯೂಮಿನಿಯಂ ಬೇಗ ಮುಗಿಯುತ್ತದೆ, ಬೆರಿಲಿಯಂ ನಿಧಾನ. ವಾಪಸ್ ಬಂದು ಎರಡೂ ಎಷ್ಟೆಷ್ಟು ಉಳಿದಿವೆ ನೋಡಿದರೆ ಯಾವಾಗ ಹಚ್ಚಿದ್ದು ಗೊತ್ತಾಗುತ್ತದೆ. ಹೀಗೆ 2015ರಲ್ಲಿ ಲಿಟ್ಲ್ ಫುಟ್‌ಗೆ 36.7 ಲಕ್ಷ ವರ್ಷ ಅಂದರು. 2022ರಲ್ಲಿ ಮಿಸೆಸ್ ಪ್ಲೆಸ್ ಇದ್ದ ಪದರಕ್ಕೂ 34ರಿಂದ 37 ಲಕ್ಷ ಅಂದರು. ಹಾಗಾದರೆ ಇವರು ಇಥಿಯೋಪಿಯಾದಲ್ಲಿ ಸಿಕ್ಕ ಲೂಸಿ ಅನ್ನೋ ಹೆಸರಾಂತ ಅಸ್ಥಿಪಂಜರಕ್ಕಿಂತ ಹಿರಿಯರು.

ಎಲ್ಲರೂ ಒಪ್ಪಿಲ್ಲ. ಆ ಕಲ್ಲು ಮೇಲಿನ ಹಳೇ ಪದರದಿಂದ ಜಾರಿ ಕೆಳಗೆ ಬಂದಿದ್ದರೆ ಲೆಕ್ಕ ತಪ್ಪುತ್ತದೆ ಅನ್ನೋರು ಇದ್ದಾರೆ. ನಾನಂತೂ ಊದುಬತ್ತಿ ಕಡೆ.

---

ಮಲ್ನಾಡ್_ಅಡಿಕೆ

ರೈಸಿಂಗ್ ಸ್ಟಾರ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಅಲ್ಲಿಗೆ ನಮ್ಮಂಥವರನ್ನು ಬಿಡಲ್ಲ, ಬಿಟ್ಟರೂ ಹೋಗೋಕಾಗಲ್ಲ. 2013ರಲ್ಲಿ ಇಬ್ಬರು ಗುಹೆ ಹುಚ್ಚಿನ ಹುಡುಗರು ಒಂದು ಸಂದಿಯಲ್ಲಿ ಇಳಿದು ಕೆಳಗೆ ಮೂಳೆ ರಾಶಿ ನೋಡಿದರು. ಆ ಸಂದಿ ಒಂದು ಕಡೆ ಬರೀ 18 ಸೆಂಟಿಮೀಟರ್ ಅಗಲ. ಸ್ಕೇಲ್ ತಗೊಂಡು ನೋಡಿ, ಒಂದು ಗೇಣೂ ಇಲ್ಲ. ಲೀ ಬರ್ಗರ್ ಅನ್ನೋ ವಿಜ್ಞಾನಿ ಆಮೇಲೆ ಸಣ್ಣ ಮೈಕಟ್ಟಿನ, ಗುಹೆ ಹತ್ತಿ ಇಳಿದು ಗೊತ್ತಿರೋ, ವಿಷಯ ಓದಿರೋ ಜನ ಬೇಕು ಅಂತ ಫೇಸ್‌ಬುಕ್‌ನಲ್ಲೇ ಕರೆ ಕೊಟ್ಟರು. ಕೊನೆಗೆ ಆಯ್ಕೆಯಾದ ಆರೂ ಜನ ಹೆಂಗಸರು! ಅವರು ಇಳಿದು ತೆಗೆದಿದ್ದು 1,500ಕ್ಕೂ ಜಾಸ್ತಿ ತುಂಡು, ಕನಿಷ್ಠ 15 ಜನರದ್ದು. ಆ ಹೊಸ ಮಾನವ ಜಾತಿಗೆ ಹೋಮೋ ನಲೇಡಿ ಅಂತ ಹೆಸರು, ನಲೇಡಿ ಅಂದರೆ ಸೆಸೊಥೋ ಭಾಷೆಯಲ್ಲಿ ನಕ್ಷತ್ರ. ಮಿದುಳು ಒಂದು ದೊಡ್ಡ ಕಿತ್ತಳೆಯಷ್ಟು, ಆದರೆ ಕಾಲು ನಮ್ಮ ಕಾಲಿನ ಹಾಗೇ. ವಯಸ್ಸು ಮೂರು ಲಕ್ಷ ವರ್ಷದ ಆಸುಪಾಸು ಅಷ್ಟೇ. ಸತ್ತವರನ್ನು ಅವರೇ ಅಲ್ಲಿ ತಂದು ಹೂಳುತ್ತಿದ್ದರು ಅಂತ ಬರ್ಗರ್ ತಂಡದವರ ವಾದ, ಬೇರೆಯವರು ಸಾಕ್ಷಿ ಸಾಲದು ಅಂತಾರೆ.

ನನಗೆ ಸ್ಟರ್ಕ್‌ಫಾಂಟೇನಲ್ಲೇ ಉಸಿರು ಕಟ್ಟಿತ್ತು. ಜೋಳದರೊಟ್ಟಿಯವರು ಹೇಳಿದ ಆ ಬಾತುಕೋಳಿ ಜಾಗದಲ್ಲಿ ಮುಂದಿನವರು ಫೋಟೋ ತೆಗೆಯೋಕೆ ನಿಂತುಬಿಟ್ಟರು. ಹಿಂದೆ ನಮ್ಮ ಯಜಮಾನರು "ಏನಾಗಲ್ಲ ಮಾರಾಯ್ತಿ" ಅಂತ ಹತ್ತು ಸಲ ಅಂದರು. ಹತ್ತೂ ಸಲ ಏನೋ ಆಗುತ್ತದೆ ಅಂತಲೇ ಅನ್ನಿಸಿತು. ಸಣ್ಣ ಜಾಗದ ಹೆದರಿಕೆ ಇರುವವರು ಗೈಡ್ ಹಿಂದೆಯೇ, ಮೊದಲನೆಯವರಾಗಿ ನಡೀರಿ. ಕೈಯಲ್ಲಿ ಬ್ಯಾಗ್ ಬೇಡ.

ನಿಮ್ಮ ಅಮ್ಮನಿಗೆ ಚಿರತೆ ಕಥೆ ಹೇಳಿ, ಆಸಕ್ತಿ ಬರಬಹುದು. ಕಣ್ಣಳತೆ ದೂರದಲ್ಲಿ ಸ್ವಾರ್ಟ್‌ಕ್ರಾನ್ಸ್ ಅಂತ ಇನ್ನೊಂದು ಗುಹೆ. ಅಲ್ಲಿ ಸಿಕ್ಕ ಒಂದು ಎಳೇ ಬುರುಡೆಯ ಹಿಂಭಾಗದಲ್ಲಿ ಎರಡು ದುಂಡನೆ ತೂತು. ಬಾಬ್ ಬ್ರೇನ್ ಅನ್ನೋ ವಿಜ್ಞಾನಿ ಅದೇ ಜಾಗದಲ್ಲಿ ಸಿಕ್ಕ ಚಿರತೆಯ ದವಡೆ ಹಿಡಿದು ನೋಡಿದರೆ ಕೋರೆಹಲ್ಲು ಎರಡೂ ಸರಿಯಾಗಿ ಕೂತವು. ಅಲ್ಲಿ ಬಯಲುಸೀಮೆಯಲ್ಲಿ ಮರ ಬೆಳೆಯೋದೇ ಗುಹೆ ಬಾಯಿಯ ತೇವದಲ್ಲಿ. ಚಿರತೆ ಬೇಟೆಯನ್ನು ಮರದ ಮೇಲೆ ಇಟ್ಟು ತಿನ್ನುತ್ತದೆ, ಉಳಿದದ್ದು ಕೆಳಗೆ ಬಿಲಕ್ಕೆ ಬೀಳುತ್ತದೆ. ಅದಕ್ಕೂ ಮುಂಚೆ ನಮ್ಮ ಪೂರ್ವಜರೇ ಬೇಟೆಯಾಡುತ್ತಿದ್ದ ಶೂರರು ಅಂತ ಬರೆದವರೆಲ್ಲ ಇದ್ದರು. ಬ್ರೇನ್ ಅದನ್ನು ತಿರುಗಿಸಿ ಹಾಕಿದರು, ನಾವೇ ತುತ್ತು. ನಮ್ಮೂರಲ್ಲಿ ಕೊಟ್ಟಿಗೆಯಿಂದ ನಾಯಿ ಹೊತ್ತೊಯ್ಯೋ ಚಿರತೆ ನೋಡಿ ಬೆಳೆದವಳಿಗೆ ಇದನ್ನು ನಂಬೋಕೆ ಕಷ್ಟವೇ ಆಗಲಿಲ್ಲ.

---

ಸುರಪುರದ_ಹುಡುಗ

ನಮ್ಮ ಕರ್ನಾಟಕದಾಗ ಇಂಥಾದ್ದು ಏನೂ ಇಲ್ಲೇನ್ರಿ?

---

ಕಲ್ಲುಕುಟಿಗ

ನಿಮ್ಮ ಊರಿನ ಪಕ್ಕದಲ್ಲೇ ಇದೆಯಲ್ರೀ! ಹುಣಸಗಿ ಕಡೆ ಇಸಾಂಪುರ. ಕೆ. ಪದ್ದಯ್ಯ ಅವರ ತಂಡ ಅಗೆದ ಜಾಗ. ಮನುಷ್ಯರ ಮೂಳೆ ಸಿಕ್ಕಿಲ್ಲ, ಕಲ್ಲಿನ ಕೈಗೊಡಲಿಗಳು, ಅವನ್ನು ಮಾಡುವಾಗ ಹಾರಿದ ಚಕ್ಕೆಗಳು, ಬಡಿಯೋಕೆ ಬಳಸಿದ ಕಲ್ಲು, ಎಲ್ಲ ಕೂತು ಕೆಲಸ ಮಾಡಿದ ಜಾಗದಲ್ಲೇ ಬಿದ್ದಿದ್ದವು. ಸುಮಾರು 12 ಲಕ್ಷ ವರ್ಷ ಅಂತ ಲೆಕ್ಕ. ತಮಾಷೆ ಅಂದರೆ ಅಲ್ಲೂ ಸುಣ್ಣದಕಲ್ಲೇ. ಬುರುಡೆ ಬೇಕು ಅಂದರೆ ಮಧ್ಯಪ್ರದೇಶಕ್ಕೆ ಹೋಗಬೇಕು, ನರ್ಮದಾ ದಂಡೆಯ ಹಥನೋರಾದಲ್ಲಿ 1982ರಲ್ಲಿ ಅರುಣ್ ಸೋನಾಕಿಯಾ ಅವರಿಗೆ ಒಂದು ಬುರುಡೆಯ ಮೇಲ್ಭಾಗ ಸಿಕ್ಕಿತು. ಅದು ಗುಹೆಯಲ್ಲಲ್ಲ, ಹೊಳೆಯ ಜಲ್ಲಿಯಲ್ಲಿ.

---

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಮಾಡಿದೆ. ಒಬ್ಬ ಟೂರ್‌ನವರಿಗೆ ಹೇಳಿ ಕಾರು, ಟಿಕೆಟ್ ಎಲ್ಲ ಸೇರಿಸಿ ದುಡ್ಡು ಕಟ್ಟಿದ್ದೆ. ಅವತ್ತು ಬೆಳಗ್ಗೆ ಒಂದೂವರೆ ಗಂಟೆ ಕಾಯಿಸಿ, ಆಮೇಲೆ ಗುಹೆ ಟಿಕೆಟ್ ಬುಕ್ಕೇ ಆಗಿಲ್ಲ, ಮೃಗಾಲಯಕ್ಕೆ ಹೋಗೋಣ ಅಂದ. ಅಪ್ಪ ಪ್ಯಾಂಟು ಶರ್ಟು ಇಸ್ತ್ರಿ ಮಾಡಿಸಿ ಹಾಕ್ಕೊಂಡು, ಜೇಬಲ್ಲಿ ಪೆನ್ನು ಸಿಕ್ಕಿಸಿಕೊಂಡು ಸೋಫಾ ಮೇಲೆ ಕೂತಿದ್ದರು. ಅವರ ಮುಖ ನೋಡೋಕಾಗಲಿಲ್ಲ. ನಾಲ್ಕು ದಿನ ಬಿಟ್ಟು ನಾನೇ ರಜೆ ಹಾಕಿ, ನಾನೇ ಬುಕ್ ಮಾಡಿ, ನಮ್ಮ ಕಾರಲ್ಲೇ ಕರೆದುಕೊಂಡು ಹೋದೆ. ನೀವು ಹೇಳಿದ್ದು ಮೊದಲೇ ಕೇಳಬೇಕಿತ್ತು.

ಇಲ್ಲಿ ಈಗ ಚಳಿಗಾಲ. ಹುಲ್ಲೆಲ್ಲ ಒಣಗಿ ಗೋಧಿ ಬಣ್ಣ. ನಾನು ಏನೋ ದೊಡ್ಡ ಬೆಟ್ಟ, ಅದಕ್ಕೊಂದು ಬಾಯಿ ಅಂತ ಊಹಿಸಿದ್ದೆ. ಬೆಟ್ಟವೇ ಇಲ್ಲ, ಒಂದು ಸಣ್ಣ ಗುಡ್ಡ. ಚಿತ್ರದುರ್ಗದ ಕಡೆ ಹೊರಟು ಯಾವುದೋ ಬಸ್ ಸ್ಟಾಪಲ್ಲಿ ಇಳಿದ ಹಾಗಿತ್ತು.

ಅಪ್ಪ ಕೆಳಗೆ ಇಳಿಯಲೇಬೇಕು ಅಂತ ಹಟ ಹಿಡಿದಿದ್ದರು. ಮೆಟ್ಟಿಲ ಬಾಯಿಗೆ ಬಂದು, ಕಂಬಿ ಹಿಡಿದು ಬಗ್ಗಿ ನೋಡಿ, ಎರಡು ಮೆಟ್ಟಿಲು ಇಳಿದು, ಅಲ್ಲೇ ನಿಂತರು. ಏನೂ ಮಾತಾಡಲಿಲ್ಲ. ತಲೆಯ ಮೇಲಿದ್ದ ಹೆಲ್ಮೆಟ್ ತೆಗೆದು ಅಮ್ಮನ ತಲೆಗೆ ಇಟ್ಟುಬಿಟ್ಟರು! "ನೀನು ಹೋಗು. ನೋಡಿಕೊಂಡು ಬಂದು ನನಗೆ ಹೇಳು."

ಅಮ್ಮ ಬೇಡ ಬೇಡ ಅಂತಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದರು. ಹಿಂದಿನ ರಾತ್ರಿ ನಾನು ಕಲ್ಲುಕುಟಿಗ ಅವರು ಬರೆದದ್ದನ್ನು ಜೋರಾಗಿ ಓದಿ ಹೇಳಿದ್ದೆ, ಚಿರತೆ ಕಥೆಯನ್ನೂ. ಅಮ್ಮ ಬೀನ್ಸ್ ನಾರು ತೆಗೀತಾ ಕೂತಿದ್ದರು, ಕೇಳಿಸಿಕೊಳ್ಳುತ್ತಿಲ್ಲ ಅಂದುಕೊಂಡಿದ್ದೆ. ಕೆಳಗೆ ಹೋದ ಮೇಲೆ ಗೈಡ್ ಹುಡುಗಿ ಲಿಟ್ಲ್ ಫುಟ್ ವಿಷಯ ಶುರು ಮಾಡಿದಳು, ಅಮ್ಮ ನನ್ನ ತೋಳು ತಿವಿದು, "ಇಬ್ಬರು ಹೋಗಿದ್ದರಲ್ಲ, ಅವರಲ್ಲಿ ಲ್ಯಾಂಪ್ ಹಿಡಿದವರು ಯಾರು, ಅಚ್ಚು ಹಿಡಿದವರು ಯಾರು, ಕೇಳು" ಅಂದರು. ಕೇಳಿದೆ. ಆ ಹುಡುಗಿ ನಕ್ಕುಬಿಟ್ಟಳು, ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿಲ್ಲ ಅಂದಳು. ಅವಳಿಗೂ ಗೊತ್ತಿರಲಿಲ್ಲ. ಆದರೆ ಅಲ್ಲಿಂದ ಮುಂದೆ ಅವಳು ಅಮ್ಮನ ಪಕ್ಕದಲ್ಲೇ ನಡೆದಳು. ಒಂದು ಕಡೆ ಟಾರ್ಚ್ ಹಿಡಿದು ಗೋಡೆಯಲ್ಲಿ ಚಿಕ್ಕಿ ಕಲ್ಲು ತೋರಿಸಿದಳು. ಕೆಂಪು ಕಲ್ಲಲ್ಲಿ ಬೆರಳ ಉಗುರಿನಷ್ಟು ಬಿಳಿ ಚೂರು. ಯಾವುದೋ ಪ್ರಾಣಿಯ ಮೂಳೆ. ಅಮ್ಮ ಅಕ್ಕಿಯಲ್ಲಿ ಕಲ್ಲು ಹುಡುಕುವಾಗ ಕಣ್ಣು ಕಿರಿದು ಮಾಡ್ತಾರಲ್ಲ, ಹಾಗೆ ನೋಡಿ, ಪಕ್ಕದಲ್ಲೇ ಇನ್ನೆರಡು ಇದಾವೆ ನೋಡು ಅಂತ ತೋರಿಸಿದರು. ನನಗೆ ಕಂಡಿರಲೇ ಇಲ್ಲ.

ತಗ್ಗಿನ ಜಾಗಗಳಲ್ಲಿ ನನ್ನ ಹೆಲ್ಮೆಟ್ ಲೆಕ್ಕವಿಲ್ಲದಷ್ಟು ಸಲ ಬಡಿಯಿತು. ಅಮ್ಮ ನಾಲ್ಕು ಅಡಿ ಹತ್ತು ಅಂಗುಲ. ಆರಾಮಾಗಿ ನಡೆದು ಹೋದರು.

ಮೇಲೆ ಬಂದಾಗ ಅಪ್ಪ ಅಗೆದ ಹೊಂಡದ ಹತ್ತಿರ ನಿಂತಿದ್ದರು, ಕೈ ಎರಡೂ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಹಾಲಿನಲ್ಲಿ ನಿಲ್ಲುತ್ತಿದ್ದ ಹಾಗೆ. ಒಂದು ಗಂಟೆಯಿಂದ ಅಲ್ಲೇ ಇದ್ದರಂತೆ. ಅಮ್ಮ ಅಪ್ಪನ ಪಕ್ಕ ನಿಂತು ಒಳಗೆ ನೋಡಿದ್ದನ್ನೆಲ್ಲ ಹೇಳಿದರು, ಕೆರೆ, ಚಿಕ್ಕಿ ಕಲ್ಲು, ಮೂರು ಚೂರು ಮೂಳೆ. ಅಪ್ಪ ನಡುವೆ ನಡುವೆ ಪ್ರಶ್ನೆ ಕೇಳಿದರು, ಬಣ್ಣ ಯಾವುದು, ಪದರ ಅಡ್ಡ ಇತ್ತಾ ಓರೆ ಇತ್ತಾ, ಅಂತ. ಇಬ್ಬರೂ ಇಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದನ್ನು ನಾನು ನೋಡಿದ ನೆನಪಿಲ್ಲ.

ಅಲ್ಲಿ ಬ್ರೂಮ್ ಅವರ ಪ್ರತಿಮೆ ಇದೆ, ಕೈಯಲ್ಲಿ ಬುರುಡೆ ಹಿಡಿದಿರೋದು. ಮೂಗು ಉಜ್ಜಿದರೆ ಅದೃಷ್ಟ, ಕೈ ಉಜ್ಜಿದರೆ ಬುದ್ಧಿ ಅಂತ ಜನ ಉಜ್ಜಿ ಉಜ್ಜಿ ಎರಡೂ ಫಳಫಳ ಹೊಳೆಯುತ್ತವೆ. ದೊಡ್ಡವರ ಮೂಗು ಹಿಡಿಯೋದೇನು ಅಂತ ಅಪ್ಪ ಮುಟ್ಟಲಿಲ್ಲ, ಬುರುಡೆಯ ಹುಬ್ಬಿನ ಮೂಳೆ ಮೇಲೆ ಮಾತ್ರ ಒಂದು ಸಲ ಬೆರಳಾಡಿಸಿದರು. ಅಮ್ಮ ಮೂಗನ್ನೂ ಉಜ್ಜಿದರು, ಕೈಯನ್ನೂ ಉಜ್ಜಿದರು, ನನ್ನ ಕೈಲೂ ಎರಡನ್ನೂ ಉಜ್ಜಿಸಿದರು.

ಮರದ ಕೆಳಗೆ ಚಿತ್ರಾನ್ನ ಆಯ್ತು. ಮರೋಪೆಂಗ್‌ಗೂ ಹೋದೆವು, ದೋಣಿ ನನಗೂ ಅಷ್ಟಕ್ಕಷ್ಟೆ. ವಾಪಸ್ ಬರುವಾಗ ಅಪ್ಪ ಹಿಂದಿನ ಸೀಟಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆ ಬಂದಿದೆ ಅಂದುಕೊಂಡು ರೇಡಿಯೋ ಸಣ್ಣ ಮಾಡಿದೆ. ಆಗ ಹಿಂದಿನಿಂದ ಕೇಳಿತು: "ಪ್ರಿಟೋರಿಯಾ ನಿಮ್ಮ ಮನೆಯಿಂದ ಎಷ್ಟು ದೂರ ಆಗುತ್ತೋ?"

ಶನಿವಾರ ಹೊರಟಿದ್ದೇವೆ. ಆ ಮ್ಯೂಸಿಯಂ ಹತ್ತಿರ ಪಾರ್ಕಿಂಗ್ ಹೇಗಿದೆ, ಮೆಟ್ಟಿಲು ಜಾಸ್ತಿ ಇದೆಯಾ, ಹೋದವರು ಯಾರಾದರೂ ಹೇಳಿ.